ಒಂದು ಸೀಸನ್ನಿಗೆ ಮೂರು ಬಿಲ್ಲು

ಮೊನ್ನೆ ಆಸ್ಟಿನ್ನಿನಲ್ಲಿ ನಮ್ಮ ಮನೆಯ ಹಿಂದಿನ ಕಾಲುದಾರಿಯಲ್ಲಿ ವಾಕ್ ಹೋಗುತ್ತಿದ್ದಾಗ ದಾರಿಯ ನಡುವೆ ಒಂದು ಹಸಿರು ಕಾಯಿ ಬಿದ್ದಿತ್ತು. ದೊಡ್ಡ ಮೂಸಂಬಿಯಷ್ಟು ಗಾತ್ರ, ಮೈತುಂಬ ಹಲಸಿನ ಮಿಡಿಯ ಹಾಗೆ ಉಬ್ಬುತಗ್ಗು. ಎತ್ತಿಕೊಂಡು ಮೂಸಿದೆ. ಕಿತ್ತಳೆ ಸಿಪ್ಪೆ ಹಿಚುಕಿದಂಥ ವಾಸನೆ, ಕೈಗೆ ಹಾಲಿನಂಥ ಅಂಟು. ಬೋಡಾರ್ಕ್ ಮರದ ಕಾಯಿ. ತಿನ್ನಲು ಬಾರದು. ಜೇಡ ಬರದಿರಲಿ ಎಂದು ಇಲ್ಲಿಯ ಕೆಲವರು ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳುತ್ತಾರೆ, ಅಷ್ಟೆ. ಅದನ್ನು ಹಿಡಿದುಕೊಂಡು ಅಲ್ಲೇ ನಿಂತು ನಕ್ಕೆ. ಎದುರಿನಿಂದ ನಾಯಿ ಹಿಡಿದುಕೊಂಡು ಬರುತ್ತಿದ್ದವರು ನನ್ನನ್ನೊಮ್ಮೆ, ಕಾಯಿಯನ್ನೊಮ್ಮೆ ನೋಡಿ ದಾರಿ ಬಿಟ್ಟು ನಡೆದರು.

ಆ ಮರದಿಂದ ಬಿಲ್ಲು ಮಾಡುತ್ತಾರೆ ಎಂದು ನನಗೆ ಹೇಳಿದವರು ಕೊಡಗಿನ ಆಂಟಿ. ಹೊಸ ಶತಮಾನಕ್ಕೆ ಇನ್ನೂ ಕೆಲವೇ ತಿಂಗಳು ಬಾಕಿ ಇದ್ದ ಕಾಲ. ನಾನು ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು. ಗಂಡ ಸೋಮವಾರ ಬೆಳಿಗ್ಗೆ ಹ್ಯೂಸ್ಟನ್ನಿಗೆ ವಿಮಾನ ಹತ್ತಿದರೆ ಬರುವುದು ಶುಕ್ರವಾರ ಸಂಜೆ. ಪ್ರಪಂಚದ ಕಂಪ್ಯೂಟರುಗಳೆಲ್ಲ ಜನವರಿ ಒಂದನೇ ತಾರೀಕು ಕೆಟ್ಟು ಕೂರುತ್ತವೆ ಎಂಬ ಭಯದಲ್ಲಿ ಇವರಿಗೆಲ್ಲ ಕೈತುಂಬ ಕೆಲಸ. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಡ್ರೈವಿಂಗ್ ಬರುತ್ತಿರಲಿಲ್ಲ. ಟೆಕ್ಸಸ್ಸಿನ ಲೂಯಿಸ್‌ವಿಲ್ ಎಂಬ ಊರಿನ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಕೂತು, ಪಾರ್ಕಿಂಗ್ ಲಾಟಿನಲ್ಲಿ ಯಾವ ಕಾರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಮೈಸೂರಿನಲ್ಲಿ ಐದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಇಲ್ಲಿ ನನ್ನಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಆಂಟಿ ಸಿಕ್ಕಿದ್ದು ಕನ್ನಡದವರ ಗಣೇಶನ ಹಬ್ಬದ ಊಟದಲ್ಲಿ. ವಯಸ್ಸು ಐವತ್ತೈದರ ಆಸುಪಾಸು, ಗಟ್ಟಿ ಮೈಕಟ್ಟು, ಕೊಡಗಿನವರ ಹಾಗೆ ನೆರಿಗೆ ಹಿಂದಕ್ಕೆ ಬರುವಂತೆ ಸೀರೆ ಉಟ್ಟು, ಅದೇ ಸೀರೆಯಲ್ಲಿ ಪಿಕಪ್ ಟ್ರಕ್ ಓಡಿಸಿಕೊಂಡು ಬಂದಿದ್ದರು. ಅಲೆನ್‌ನಲ್ಲಿ ಮನೆ. ಅಂಕಲ್‌ಗೆ ಪ್ಲೇನೋದಲ್ಲಿ ಎಂಜಿನಿಯರ್ ಕೆಲಸ. ಆಂಟಿ ವಾರಕ್ಕೆ ಮೂರು ದಿನ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜು ನೋಡಿಕೊಳ್ಳುತ್ತಿದ್ದರು. ಮಿಕ್ಕ ದಿನ ಏನು ಮಾಡ್ತೀರಿ ಆಂಟಿ ಎಂದು ಮಾತಿಗೆ ಕೇಳಿದೆ. ಪಾಯಸ ಸುರಿದುಕೊಳ್ಳುತ್ತಾ, "ಬೇಟೆ" ಎಂದರು.

ತಮಾಷೆ ಅಂದುಕೊಂಡೆ. ಮುಂದಿನ ವಾರ ಅವರ ಗ್ಯಾರೇಜಿಗೆ ಹೋದಾಗ ಗೋಡೆಯ ಮೇಲೆ ಮೂರು ಬಿಲ್ಲು ನೇತಾಡುತ್ತಿದ್ದವು. ಒಂದು ನನಗಿಂತ ಉದ್ದ, ಹೆದೆ ಏರಿಸಿದರೂ ಹೆಚ್ಚು ಬಾಗದೆ ಸಭ್ಯವಾಗಿ ನಿಲ್ಲುವಂಥದ್ದು. ಅದಕ್ಕೆ ಆಂಟಿ ದೊಡ್ಡಪ್ಪ ಎನ್ನುತ್ತಿದ್ದರು. ಎರಡನೆಯದರ ತುದಿಗಳು ಮುಂದಕ್ಕೆ ತಿರುಚಿಕೊಂಡಿದ್ದವು. ಅದು ಮೀಸೆ. ಮೂರನೆಯದು ಗಿಡ್ಡ, ಒರಟು, ಅರಿಶಿನದ ಬಣ್ಣ, ಅಲ್ಲಲ್ಲಿ ಗಂಟು. ಒಂದೇ ಮರದ ಸೀಳಿನಿಂದ ಆಂಟಿ ಎರಡು ವರ್ಷ ಹೆರೆದು ಹೆರೆದು ತಾವೇ ಮಾಡಿದ್ದು, ಬೋಡಾರ್ಕ್ ಮರದ್ದು. ಅದಕ್ಕೆ ಹಳದಿ ಎಂದು ಕರೆಯುತ್ತಿದ್ದರು. ಮಿಕ್ಕೆರಡನ್ನು ಕೊಂಡು ತಂದಿದ್ದರಂತೆ.

"ನಮ್ಮಲ್ಲಿ ಗಂಡುಮಗು ಹುಟ್ಟಿದ್ರೆ ಹರಳುಗಿಡದ ದಂಟಲ್ಲಿ ಪುಟ್ಟ ಬಿಲ್ಲು ಮಾಡಿ ಅದರ ಕೈಲಿ ಹಿಡಿಸ್ತಾರೆ" ಎಂದರು ಆಂಟಿ, ಹಳದಿಯನ್ನು ಗೋಡೆಯಿಂದ ಇಳಿಸುತ್ತಾ. "ನಾನು ಹುಟ್ಟಿದಾಗ ಯಾರೂ ಹಿಡಿಸ್ಲಿಲ್ಲ. ಐವತ್ತು ವರ್ಷ ಕಾದು ನೋಡಿದೆ ಮಾರಾಯ್ತಿ. ಆಮೇಲೆ ನಾನೇ ಹಿಡ್ಕೊಂಡೆ."

ಮೀಸೆಯಿಂದ ಎರಡು ಜಿಂಕೆ, ದೊಡ್ಡಪ್ಪನಿಂದ ಒಂದು ಜಿಂಕೆ ಹಿಂದಿನ ವರ್ಷಗಳಲ್ಲಿ ಆಗಿದ್ದವು. ಹಳದಿಯಿಂದ ಇನ್ನೂ ಆಗಿರಲಿಲ್ಲ. ಹಳದಿಯ ಮರ ಬಂದದ್ದು ಮೆಕಿನ್ನಿ ದಾಟಿ ಉತ್ತರಕ್ಕೆ ಮುಕ್ಕಾಲು ಗಂಟೆ ದೂರದ ಒಂದು ಜಮೀನಿನಿಂದ. ಅದರ ಯಜಮಾನ ಎಂಬತ್ತರ ಒಬ್ಬ ತಾತ, ಹೆಂಡತಿ ತೀರಿಕೊಂಡ ಒಂಟಿ ಮನುಷ್ಯ, ಆಂಟಿಗೆ ಬಿಲ್ಲು ಹೆರೆಯಲು ಕಲಿಸಿದ ಗುರು. ಆ ವರ್ಷ ತಾತ ಜಮೀನು ಮಾರಿಬಿಟ್ಟಿದ್ದರು. ನವೆಂಬರ್ ಮೊದಲ ವಾರಕ್ಕೆ ಅದು ಕೈಬದಲಾಗುವುದಿತ್ತು. ಅಕ್ಟೋಬರ್ ಒಂದು ತಿಂಗಳು ಬಿಲ್ಲಿನವರ ಕಾಲ. ಆ ತಿಂಗಳಲ್ಲಿ, ಆ ಜಮೀನಿನಲ್ಲಿ, ಆ ಜಮೀನಿನ ಮರದಿಂದ ತಾವೇ ಮಾಡಿದ ಬಿಲ್ಲಿನಲ್ಲಿ ಒಂದು ಜಿಂಕೆ. ಆಂಟಿಗೆ ಬೇಕಾಗಿದ್ದದ್ದು ಅಷ್ಟೇ. ಇನ್ನೊಂದು ಅಕ್ಟೋಬರ್ ಇರಲಿಲ್ಲ.

ಜೊತೆಗೆ ಬರ್ತೀಯಾ ಎಂದರು. ನಾನು ಮೊಟ್ಟೆಯನ್ನೂ ಮುಟ್ಟದ ಮನೆಯವಳು. ಆದರೆ ಆ ಅಪಾರ್ಟ್‌ಮೆಂಟಿನಿಂದ ಹೊರಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಆಗ ನಾನು ಕುಸ್ತಿ ಅಖಾಡಕ್ಕೂ ಹೋಗುತ್ತಿದ್ದೆ. ಸರಿ ಎಂದೆ.

ಹೊರಡುವ ಮೊದಲು ಆಂಟಿ ಒಂದು ನಿಯಮ ಹೇಳಿದರು. "ಒಂದು ಸೀಸನ್ನಿಗೆ ಒಂದೇ ಬಿಲ್ಲು. ಒಂದರ ಹೆದೆ ಇಷ್ಟು ಎಳೀಬೇಕು, ಇನ್ನೊಂದರದು ಅಷ್ಟು. ಗುರಿ ಇಡೋದು ಕಣ್ಣಲ್ಲ, ಕೈ. ಬೇಟೆ ಕಾಲದಲ್ಲಿ ಬಿಲ್ಲು ಬದಲಾಯ್ಸಿದ್ರೆ ಕೈ ಕೆಟ್ಟುಹೋಗುತ್ತೆ." ಈ ನಿಯಮ ಪಾಲಿಸಲೆಂದೇ ಜೂನ್ ತಿಂಗಳಿಂದ ಹಳದಿಯೊಂದನ್ನೇ ಹಿಡಿದು, ಹಿತ್ತಲಿನಲ್ಲಿ ಹುಲ್ಲಿನ ಮೂಟೆಗೆ ದಿನಕ್ಕೆ ನೂರು ಬಾಣ ಬಿಡುತ್ತಿದ್ದರಂತೆ. ಮಿಕ್ಕೆರಡನ್ನು ಮುಟ್ಟಿಯೂ ಇರಲಿಲ್ಲ.

ಆ ಮಧ್ಯಾಹ್ನಗಳು... ಮೂರು ಗಂಟೆಗೆ ಟ್ರಕ್ ಬಂದು ಹಾರ್ನ್ ಹೊಡೆಯುತ್ತಿತ್ತು. ಡಬ್ಬಿಯಲ್ಲಿ ಅಕ್ಕಿ ರೊಟ್ಟಿ, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಜಮೀನಿನ ಅಂಚಿನಲ್ಲಿ ಒಣಕೊಂಬೆಗಳನ್ನು ಒಟ್ಟಿ ಮಾಡಿದ ಒಂದು ಮರೆ. ಅದರ ಹಿಂದೆ ಕೂತು ಸೂರ್ಯ ಇಳಿಯುವವರೆಗೆ ಕಾಯುವುದು. ಆಂಟಿ ಒಂದು ಚಿಟಿಕೆ ಒಣಹುಲ್ಲನ್ನು ಗಾಳಿಗೆ ತೂರಿ, ಅದು ಎತ್ತ ಹೋಗುತ್ತದೆ ಎಂದು ನೋಡಿ, "ನೀನು ಈ ಕಡೆ ಕೂರು" ಎಂದು ನನ್ನ ಜಾಗ ಬದಲಿಸುತ್ತಿದ್ದರು. ಗಾಳಿಗೆ ಬಾಣ ವಾಲುವುದನ್ನು ನೋಡುತ್ತಾರೆ ಎಂದುಕೊಂಡಿದ್ದೆ. ನನ್ನನ್ನು ಎಬ್ಬಿಸಿ ಎಬ್ಬಿಸಿ ಕೂರಿಸುವುದಕ್ಕೆ ಏನು ಕಾರಣವೋ ತಿಳಿಯದೆ, ಆಂಟಿಗೆ ಸ್ವಲ್ಪ ವಾಸ್ತು ಹುಚ್ಚು ಇರಬೇಕು ಎಂದು ತೀರ್ಮಾನಿಸಿದ್ದೆ.

ದಿನಾ ಒಂದು ಗಂಡು ಜಿಂಕೆ ಬರುತ್ತಿತ್ತು. ಒಂದು ಕೊಂಬಿನ ತುದಿ ಮುರಿದಿತ್ತು. ಮೊದಲ ದಿನ ಅರವತ್ತು ಹೆಜ್ಜೆ ದೂರದಲ್ಲಿ ಮೇಯ್ದು ಹೋಯಿತು. ಆಮೇಲೆ ನಲವತ್ತು. ಎರಡನೇ ವಾರದ ಕೊನೆಗೆ ಇಪ್ಪತ್ತೈದು. ಹಳದಿಯ ಬಾಣಕ್ಕೆ ಹದಿನೈದು ಹೆಜ್ಜೆ ಬೇಕು, ಅದಕ್ಕಿಂತ ದೂರದಿಂದ ಹೊಡೆದು ಪ್ರಾಣಿಯನ್ನು ನರಳಿಸುವುದು ಪಾಪ ಎನ್ನುತ್ತಿದ್ದರು ಆಂಟಿ. ನನ್ನದು ಎರಡು ದೋಣಿಯಲ್ಲಿ ಕಾಲಿಟ್ಟ ಪರಿಸ್ಥಿತಿ. ಆಂಟಿಗೆ ಸಿಗಲಿ ಎಂದು ಒಂದು ಕೈ, ಜಿಂಕೆ ಬದುಕಲಿ ಎಂದು ಇನ್ನೊಂದು ಕೈ ಮುಗಿಯುತ್ತಿದ್ದೆ. ನಮ್ಮಲ್ಲಿ ಬೇಟೆಗೆ ಬಂದವರಿಗೆಲ್ಲ ಪಾಲು ಕೊಡಬೇಕು, ಕರೆದುಕೊಂಡು ಹೋದ ನಾಯಿಗೂ ಪಾಲು ಉಂಟು ಎಂದು ಆಂಟಿ ಹೇಳಿದಾಗ ಗಾಬರಿಯಾಗಿ, ನನ್ನ ಪಾಲನ್ನು ಈಗಲೇ ತಾತನ ನಾಯಿಯ ಹೆಸರಿಗೆ ಬರೆದುಬಿಡಿ ಎಂದು ಬೇಡಿಕೊಂಡೆ. ಮರೆಯ ಹಿಂದೆ ನಗಬಾರದು. ಆಂಟಿ ಸೆರಗಿಲ್ಲದೆ ಜಾಕೆಟ್ಟಿನ ತೋಳು ಕಚ್ಚಿಕೊಂಡು ನಕ್ಕರು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಕೊಡಗಿನವರಿಗೆ ಆಯುಧದ ಹಬ್ಬ ಸೆಪ್ಟೆಂಬರಿನಲ್ಲೇ ಮುಗಿದಿರುತ್ತದೆ. ಆಂಟಿ ಗೋಡೆಯ ಮುಂದೆ ಒಂದು ಹೂವಿಟ್ಟು ಕೈಮುಗಿದು ಮುಗಿಸಿದ್ದರಂತೆ. ಆದರೆ ನನ್ನ ಪಾಡು ನೋಡಿ. ಮೈಸೂರಿನವಳು, ದಸರಾ ಹೊತ್ತಿನಲ್ಲಿ ಲೂಯಿಸ್‌ವಿಲ್ಲಿನಲ್ಲಿ ಒಬ್ಬಳೇ. ಗೊಂಬೆ ಇಲ್ಲ, ಆರತಿಗೆ ಬರುವವರಿಲ್ಲ, ಪೂಜೆ ಮಾಡೋಣ ಎಂದರೆ ಮನೆಯಲ್ಲಿ ಇರುವ ಆಯುಧ ಒಂದು ಈಳಿಗೆಮಣೆ, ಒಂದು ಮಿಕ್ಸಿ. ಫೋನಿನಲ್ಲಿ ಹಾಗೆಂದು ಅತ್ತುಬಿಟ್ಟೆ. ಮಾರನೆಯ ಬೆಳಿಗ್ಗೆ ಆಂಟಿ ಮೂರೂ ಬಿಲ್ಲು, ಬತ್ತಳಿಕೆ, ಬಾಣ, ಕೈಗವಸು, ಬೇಟೆಯ ಜಾಕೆಟ್ಟು ಎಲ್ಲವನ್ನೂ ತಂದು ನನ್ನ ನಡುಮನೆಯಲ್ಲಿ ಇಳಿಸಿದರು.

"ತಗೋ. ನಿಮ್ಮ ಮೈಸೂರು ಅರಮನೇಲಿ ಮಾಡೋ ಹಾಗೆ ಮಾಡು. ಮಧ್ಯಾಹ್ನ ಊಟಕ್ಕೆ ಬರ್ತೀನಿ" ಎಂದು ಕ್ಲಿನಿಕ್ಕಿಗೆ ಹೊರಟುಹೋದರು.

ಮಾಡಿದೆ. ಒಂದು ಕ್ಷಣವೂ ಯೋಚಿಸದೆ ಮಾಡಿದೆ. ಅಮ್ಮ ಕಟ್ಟಿಕೊಟ್ಟ ಗಂಧದ ಕೊರಡು ತೆಗೆದು ಗಂಟೆಗಟ್ಟಲೆ ತೇಯ್ದು ಮೂರು ಬಿಲ್ಲಿಗೂ ಉದ್ದಕ್ಕೂ ಬಳಿದೆ. ಮೇಲೆ ಅರಿಶಿನ, ಕುಂಕುಮ. ಬಾಣಗಳಿಗೆ ಒಂದೊಂದಕ್ಕೂ ಒಂದೊಂದು ಬೊಟ್ಟು. ಕರ್ಪೂರ ಹಚ್ಚಿದೆ. ಇದ್ದಬದ್ದ ಸಾಂಬ್ರಾಣಿಯನ್ನೆಲ್ಲ ಸುರಿದು ಹೊಗೆ ಹಾಕಿದೆ. ಚಾವಣಿಯ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಒಂದು ಕೈಯಲ್ಲಿ ಟವೆಲ್ ಬೀಸಿ ಅದನ್ನು ಸಮಾಧಾನ ಮಾಡುತ್ತಾ, ಇನ್ನೊಂದು ಕೈಯಲ್ಲಿ ಬಿಲ್ಲುಗಳಿಗೆ ಆರತಿ ಬೆಳಗಿದೆ. ಬೂದುಗುಂಬಳ ಎಲ್ಲಿ ಸಿಗಬೇಕು? ಆದರೆ ಅಕ್ಟೋಬರಿನಲ್ಲಿ ಟೆಕ್ಸಸ್ಸಿನ ಅಂಗಡಿಗಳ ಮುಂದೆ ಕಿತ್ತಳೆ ಬಣ್ಣದ ಕುಂಬಳಕಾಯಿಗೇನೂ ಬರವಿಲ್ಲ. ಆಂಟಿ ಬಂದ ಮೇಲೆ ಅದರ ಮೇಲೆ ಕರ್ಪೂರ ಹಚ್ಚಿ, ಟ್ರಕ್ಕಿಗೆ ಮೂರು ಸುತ್ತು ಇಳಿ ತೆಗೆದು, ಪಾರ್ಕಿಂಗ್ ಲಾಟಿನಲ್ಲಿ ನೆಲಕ್ಕೆ ಅಪ್ಪಳಿಸಿದೆ. ಕೆಳಮನೆಯ ಹುಡುಗರು ಚಪ್ಪಾಳೆ ಹೊಡೆದರು. ಅದರಲ್ಲೊಬ್ಬ ನಾಳೆಯೂ ಒಡೆಯುತ್ತೀರಾ ಎಂದು ಕೇಳಿದ.

ಆಂಟಿ ಬಾಗಿಲಲ್ಲಿ ನಿಂತು ಒಳಗಿನ ಹೊಗೆ ನೋಡಿದರು, ಬಿಲ್ಲುಗಳನ್ನು ನೋಡಿದರು, ನನ್ನ ಮುಖ ನೋಡಿದರು. ಒಂದು ಕ್ಷಣ ಏನೋ ಹೇಳಲು ಬಾಯಿ ತೆರೆದ ಹಾಗಿತ್ತು... "ಎಷ್ಟು ಚೆನ್ನಾಗಿ ಮಾಡಿದ್ದೀಯಲ್ಲೇ" ಎಂದು ನನ್ನ ತಲೆ ಸವರಿದರು. ಕೂತು ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡರು. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ, ನನ್ನಿಂದ ಒಬ್ಬರಿಗೆ ಏನೋ ಆಯಿತು ಎಂದು ನನಗೆ ಎದೆ ತುಂಬಿಬಂದಿತ್ತು. ಇನ್ನು ಜಿಂಕೆ ಸಿಕ್ಕ ಹಾಗೇ ಎಂದು ಅಂದು ಸಂಜೆ ಗಂಡನಿಗೆ ಫೋನಿನಲ್ಲಿ ಭರವಸೆ ಕೊಟ್ಟೆ.

ವಿಜಯದಶಮಿ ಕಳೆದ ಮೇಲೆ ಹೋದ ಮೊದಲ ಮಧ್ಯಾಹ್ನ ಆ ಮುರುಕು ಕೊಂಬಿನ ಜಿಂಕೆ ಬಂತು. ದೂರದ ಬೇಲಿಯ ಹತ್ತಿರ ನಿಂತು ಮೂಗು ಮೇಲೆತ್ತಿತು, ಕಾಲು ನೆಲಕ್ಕೆ ಬಡಿಯಿತು, ಬುಸ್ ಎಂದು ಸದ್ದು ಮಾಡಿ ಬಿಳಿ ಬಾಲ ಎತ್ತಿ ಓಡಿತು. ಅದರ ಹಿಂದೆ ಇದ್ದವೂ ಓಡಿದವು.

"ಯಾಕಾಂಟಿ ಓಡಿತು?"

"ಹಳದಿಗೆ ಇವತ್ತು ಮನಸ್ಸಿಲ್ಲ" ಎಂದರು ಆಂಟಿ. "ಮುಂದಿನ ಸಲ ಮೀಸೆ ತರ್ತೀನಿ."

ನಾನು ಕಣ್ಣುಬಾಯಿ ಬಿಟ್ಟೆ. ನಿಯಮ ಹೇಳಿದವರು ಯಾರು? ಆದರೆ ಮುಂದಿನ ಸಲ ಮೀಸೆ ಬಂತು. ಜಿಂಕೆ ಮತ್ತೆ ಬುಸ್ ಎಂದು ಓಡಿತು. ಅದರ ಮುಂದಿನ ಸಲ ದೊಡ್ಡಪ್ಪ. ಆಮೇಲೆ ಮತ್ತೆ ಮೀಸೆ. ಅವರ ಮನೆಗೆ ಹೋದರೆ ಹಿತ್ತಲಿನ ಬೇಲಿಗೆ ಎರಡು ಬಿಲ್ಲು ಬಟ್ಟೆ ಒಣಹಾಕಿದ ಹಾಗೆ ನೇತಾಡುತ್ತಿದ್ದವು, ಪಕ್ಕದಲ್ಲಿ ಜಾಕೆಟ್ಟು. "ಮರಕ್ಕೆ ಬಿಸಿಲು ಬೇಕು" ಎಂದರು. ನೂರು ಬಾಣದ ಅಭ್ಯಾಸವೂ ಹಂಚಿಹೋಯಿತು. ಇವತ್ತು ಇದಕ್ಕೆ, ನಾಳೆ ಅದಕ್ಕೆ. ಒಂದು ದಿನ ತಾತ ಮರೆಯ ಹತ್ತಿರ ಬಂದು ದೊಡ್ಡಪ್ಪನನ್ನು ಕೈಗೆತ್ತಿಕೊಂಡರು, ಮೂಗಿನ ಹತ್ತಿರ ಹಿಡಿದರು, ಟೋಪಿ ಕೆಳಗೆ ಬೀಳುವ ಹಾಗೆ ನಗಲು ಶುರುಮಾಡಿದರು. ಆಂಟಿ ಅವರ ತೋಳು ಹಿಡಿದು ದೂರ ಕರೆದುಕೊಂಡು ಹೋಗಿ ಏನೋ ಹೇಳಿದರು. ತಿರುಗಿ ಬಂದ ತಾತ ನನಗೆ ಟೋಪಿ ಎತ್ತಿ ನಮಸ್ಕರಿಸಿದರು. ಏನಂತೆ ಆಂಟಿ ಎಂದೆ. "ಏನಿಲ್ಲ, ಮುದುಕನಿಗೆ ಖುಷಿ" ಎಂದರು.

ನಾನಂತೂ ಆಂಟಿಯನ್ನು ರೇಗಿಸಿದ್ದೇ ರೇಗಿಸಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀವು ಬಿಲ್ಲು ಡೊಂಕು ಅಂತೀರಿ, ಬಿಲ್ಲು ಇರೋದೇ ಡೊಂಕಾಗಿ ಆಂಟಿ ಎಂದೆಲ್ಲ. ಬರುವ ದಾರಿಯುದ್ದಕ್ಕೂ ಟ್ರಕ್ಕಿನಲ್ಲಿ ಇಬ್ಬರೂ ನಗುತ್ತಿದ್ದೆವು. ಆ ದಾರಿಯಲ್ಲೇ, ತಾತನ ಜಮೀನಿನ ಮಣ್ಣುರಸ್ತೆಯಲ್ಲಿ, ಆಂಟಿ ನನಗೆ ಸ್ಟಿಯರಿಂಗ್ ಕೊಟ್ಟು ಡ್ರೈವಿಂಗ್ ಕಲಿಸಿದರು. ಬೇಲಿಯ ಒಂದು ಕಂಬ ಈ ವಿದ್ಯೆಗೆ ಬಲಿಯಾಯಿತು. ಹೇಗೂ ಮಾರಿದ ಜಮೀನು ಎಂದು ತಾತ ಹೇಳಿದರು.

ಕೊನೆಯ ದಿನ ಉತ್ತರದ ಗಾಳಿ ಬಿಟ್ಟು ಚಳಿ ಹಿಡಿದಿತ್ತು. ಆಂಟಿ ಮತ್ತೆ ಹಳದಿಯನ್ನು ತಂದಿದ್ದರು. ಹತ್ತು ದಿನಗಳ ಮೇಲೆ ಅದನ್ನು ಕೈಗೆತ್ತಿಕೊಂಡಿದ್ದರು. ನನ್ನನ್ನು ತಮ್ಮ ಹಿಂದೆ, ಮೂಲೆಯಲ್ಲಿ, ಕಂಬಳಿ ಹೊದಿಸಿ ಕೂರಿಸಿದರು. ಸೂರ್ಯ ಮರದ ತುದಿ ಮುಟ್ಟುವ ಹೊತ್ತಿಗೆ ಮುರುಕು ಕೊಂಬಿನದು ಬಂತು. ಮೂಗೆತ್ತಲಿಲ್ಲ. ನಲವತ್ತು ಹೆಜ್ಜೆ, ಮೂವತ್ತು, ಇಪ್ಪತ್ತು... ಅದರ ಕಣ್ಣರೆಪ್ಪೆ ಕಾಣುತ್ತಿತ್ತು. ಹದಿನೈದು ಹೆಜ್ಜೆಯಲ್ಲಿ ಅದು ಅಡ್ಡ ತಿರುಗಿ ನಿಂತಿತು. ಆಂಟಿ ಎದ್ದು ಹೆದೆ ಎಳೆದರು. ನಾನು ಆ ದಿನ ಎರಡೂ ಕೈ ಆಂಟಿಗಾಗಿಯೇ ಮುಗಿದಿದ್ದೆ.

ಬಾಣ ಜಿಂಕೆಯ ಬೆನ್ನಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಾರಿಹೋಗಿ ಹುಲ್ಲಿನಲ್ಲಿ ನಾಟಿಕೊಂಡಿತು. ಜಿಂಕೆ ಬಾಣವನ್ನು ನೋಡಿತು, ನಮ್ಮನ್ನು ನೋಡಿತು, ಎರಡೇ ನೆಗೆತಕ್ಕೆ ಮರಗಳ ನಡುವೆ ಹೋಯಿತು.

ಆಂಟಿ ಮೆಲ್ಲಗೆ ಕೂತರು. ಅಳುತ್ತಾರೆ ಎಂದುಕೊಂಡೆ. ಅವರ ಭುಜ ಅಲ್ಲಾಡುತ್ತಿತ್ತು. ನೋಡಿದರೆ ನಗು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಕೈಗೆ ಯಾವ ಬಿಲ್ಲು ಅಂತಲೇ ಗೊತ್ತಾಗ್ಲಿಲ್ಲ ಮಾರಾಯ್ತಿ. ದೊಡ್ಡಪ್ಪನಿಗೆ ಎಳೆದ ಹಾಗೆ ಎಳೆದುಬಿಟ್ಟೆ!"

"ನೀವೇ ಹೇಳಿದ್ದಿರಲ್ಲ ಆಂಟಿ, ಒಂದು ಸೀಸನ್ನಿಗೆ ಒಂದೇ ಬಿಲ್ಲು ಅಂತ" ಎಂದೆ ನಾನು, ನಗುತ್ತಾ.

"ಹೌದೌದು. ನನ್ನದೇ ತಪ್ಪು" ಎಂದರು.

ಬೇಟೆಯಿಲ್ಲದಿದ್ದರೂ ಪಾಲು ತಪ್ಪಬಾರದು ಎಂದು ಡಬ್ಬಿಯಲ್ಲಿದ್ದ ಅಕ್ಕಿ ರೊಟ್ಟಿಯನ್ನು ನಾಲ್ಕು ಪಾಲು ಮಾಡಿದರು. ತಾತನಿಗೊಂದು, ನನಗೊಂದು, ತಮಗೊಂದು, ನಾಯಿಗೊಂದು. ತಾತನ ಮನೆಯ ಮುಂದಿನ ಮೆಟ್ಟಿಲ ಮೇಲೆ ಸಾಲಾಗಿ ಕೂತು ನಾಲ್ವರೂ ತಿಂದೆವು. ನಾಯಿ ಮೊದಲು ಮುಗಿಸಿ ನನ್ನ ಪಾಲಿಗೆ ಬಾಯಿ ಹಾಕಿತು. ನನ್ನ ಪಾಲನ್ನು ಅದರ ಹೆಸರಿಗೆ ಬರೆದದ್ದು ಅದಕ್ಕೆ ಯಾರೋ ಹೇಳಿರಬೇಕು.

ಮರುವಾರ ಜಮೀನು ಹೊಸಬರ ಕೈಗೆ ಹೋಯಿತು. ತಾತ ಮಗಳ ಮನೆ ಸೇರಿದರು. ಎರಡು ವರ್ಷಕ್ಕೆ ಅಂಕಲ್‌ನ ಕೆಲಸ ಹ್ಯೂಸ್ಟನ್ನಿಗೆ ಶಿಫ್ಟ್ ಆಯಿತು, ಆಂಟಿಯೂ ಹೋದರು. ನಾವು ಆಸ್ಟಿನ್ನಿಗೆ ಬಂದೆವು. ನನಗೆ ಇಲ್ಲಿ ಮತ್ತೆ ಪಾಠ ಹೇಳುವ ಕೆಲಸ ಸಿಕ್ಕಿತು. ವರ್ಷಕ್ಕೊಮ್ಮೆ ಭೇಟಿ, ತಿಂಗಳಿಗೊಮ್ಮೆ ಫೋನು. ಪ್ರತಿ ಸಲವೂ ನಾನು ಆ ಬಾಣದ ಕಥೆ ಎತ್ತಿ ರೇಗಿಸುತ್ತಿದ್ದೆ. ಪ್ರತಿ ಸಲವೂ ಆಂಟಿ ಹೌದೌದು, ನನ್ನದೇ ತಪ್ಪು ಎನ್ನುತ್ತಿದ್ದರು. ಸ್ನೇಹಿತರು ಕೂಡಿದ ಕಡೆಯೆಲ್ಲ ಅದನ್ನು ಅಭಿನಯಿಸಿ ತೋರಿಸಿದ್ದೇನೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದಾರೆ.

ಕಳೆದ ಬೇಸಿಗೆಯಲ್ಲಿ ಆಂಟಿ ತೀರಿಕೊಂಡರು. ಹ್ಯೂಸ್ಟನ್ನಿನ ಮನೆಗೆ ಹೋದಾಗ ಅಂಕಲ್ ಒಬ್ಬರೇ ಇದ್ದರು. ಕಾಫಿ ಮಾಡಿಕೊಟ್ಟರು. ದುಃಖದ ಮನೆಯಲ್ಲಿ ಅವರನ್ನು ಸ್ವಲ್ಪ ನಗಿಸೋಣ ಎಂದು ನಾನು ಮತ್ತೆ ಅದೇ ಮೂರು ಬಿಲ್ಲಿನ ಕಥೆ ತೆಗೆದೆ. ಅಂಕಲ್ ನಕ್ಕರು. ಆಮೇಲೆ ನನ್ನನ್ನು ಆಶ್ಚರ್ಯದಿಂದ ನೋಡಿದರು.

"ನಿನಗೆ ಅವಳು ಕೊನೇವರೆಗೂ ಹೇಳಲೇ ಇಲ್ವ?" ಎಂದರು. "ನಿನ್ನ ಪೂಜೆ ಆದ್ಮೇಲೆ ಆ ಬಿಲ್ಲುಗಳು ದೇವಸ್ಥಾನದ ಹಾಗೆ ಘಮಘಮ ಅಂತಿದ್ವು. ಜಿಂಕೆಗೆ ಮೂಗೇ ಕಣ್ಣು. ಹೇಗೆ ಬರುತ್ತೆ ಹತ್ರ? ಒಂದನ್ನ ತಗೊಂಡು ಹೋಗೋದು, ಇನ್ನೆರಡನ್ನ ವಾಸನೆ ಹೋಗ್ಲಿ ಅಂತ ಸೀಡರ್ ಸೊಪ್ಪಲ್ಲಿ ಉಜ್ಜಿ ಉಜ್ಜಿ ಬೇಲಿಗೆ ಹಾಕೋದು, ಅದೇ ಆಗೋಯ್ತು ಅವಳಿಗೆ. 'ಹುಡುಗಿಗೆ ಹೇಳಿಬಿಡು, ನಾಲ್ಕು ದಿನ ಮನೇಲೇ ಇದ್ದು ಹಳದೀನೇ ಒಣಗಿಸ್ಕೋ' ಅಂದೆ ನಾನು. ಕೇಳ್ಲಿಲ್ಲ. 'ಎರಡು ತಿಂಗಳಿಂದ ಬಾಡಿಹೋಗಿದ್ದ ಮಗು ಪೂಜೆ ದಿನ ಹೇಗೆ ನಗ್ತಿತ್ತು ನೀವು ನೋಡ್ಲಿಲ್ಲ, ನಾನು ಹೋಗದಿದ್ರೆ ಅದು ಮತ್ತೆ ಆ ಕೋಣೇಲಿ ಒಬ್ಬಳೇ ಕೂರುತ್ತೆ' ಅಂದಳು."

ಹಳದಿಯಿಂದ ಆಂಟಿಗೆ ಜಿಂಕೆ ಸಿಕ್ಕಿತೇ, ಆಮೇಲೆ ಯಾವಾಗಲಾದರೂ, ಎಂದು ಕೇಳಿದೆ. ಇಲ್ಲ ಎಂದರು ಅಂಕಲ್.

ಅಂದಿನಿಂದ ಆ ಕಥೆಯನ್ನು ಯಾರಿಗೂ ಅಭಿನಯಿಸಿ ತೋರಿಸಿಲ್ಲ. ತೋರಿಸಬಾರದೆಂದಲ್ಲ, ಈಗಲೂ ನೆನೆದರೆ ಮೊದಲು ನಗುವೇ ಬರುತ್ತದೆ. ಮೊನ್ನೆ ದಾರಿಯಲ್ಲಿ ಬಂದದ್ದೂ ಅದೇ. ಆಂಟಿಗೆ ಒಂದು ಸಲ ಫೋನ್ ಮಾಡಬೇಕು ಎನ್ನಿಸುತ್ತದೆ. ಅವರ ಆ ಒಂದೇ ಒಂದು ಅಕ್ಟೋಬರನ್ನು ಹಾಳು ಮಾಡಿದವಳು ನಾನು, ತಪ್ಪು ನಿಮ್ಮದಲ್ಲ ಎನ್ನಬೇಕು. ಅಂದರೆ ಅವರು ಏನು ಮಾಡುತ್ತಿದ್ದರು ಎಂದು ನನಗೆ ಗೊತ್ತು. ಹೋಗೇ ಮಾರಾಯ್ತಿ ಎಂದು ಗದರಿ, ಊಟಕ್ಕೆ ಏನು ಮಾಡಿದ್ದೀಯ ಎಂದು ಕೇಳುತ್ತಿದ್ದರು. ಇಷ್ಟು ವರ್ಷ ಅವರನ್ನು ಆಡಿಕೊಂಡು ನಕ್ಕೆ. ನಾನು ನಗುತ್ತಿರಲಿ ಎಂದೇ ಅವರು ಆ ಜಿಂಕೆಯನ್ನು ಬಿಟ್ಟುಕೊಟ್ಟಿದ್ದರು.